ಕುಸುಬಿ ಎಣ್ಣೆ ಕುಡಿದ ಬಳೆ ಗಾಡಿ

ಸವಣೂರಿನ ಗೌಹರಳಿಗೆ ಬುದ್ಧಿ ಬಂದಾಗಿನಿಂದ ಜನ ಹೇಳುತ್ತ ಬಂದದ್ದು ಒಂದೇ ಮಾತು: ಕುಂದರು. ಮದುವೆ ಮನೆಗೆ ಹೋದರೆ ಬಾಗಿಲಲ್ಲೇ ಯಾರೋ ಒಂದು ಕುರ್ಚಿ ಎಳೆದು ಹಾಕಿ ಕುಂದರು ಎನ್ನುತ್ತಿದ್ದರು. ಶಾಲೆಯಲ್ಲಿ ಉಳಿದವರು ಬಯಲಿಗೆ ಓಡಿದಾಗ ಮಾಸ್ತರು ಅವಳ ಕಡೆ ತಿರುಗಿ, ನೀ ಇಲ್ಲೇ ಕುಂದರವಾ, ಎಲ್ಲಾರ ಪಾಟೀಚೀಲ ಕಾಯಿ ಎನ್ನುತ್ತಿದ್ದರು. ಎಡಗಾಲನ್ನು ಪೋಲಿಯೋ ಒಣಗಿಸಿಬಿಟ್ಟಿದ್ದು ನಿಜ. ಆದರೆ ಬಲಗಾಲು ಗಟ್ಟಿಯಿತ್ತು, ಎರಡೂ ಕೈ ಗಟ್ಟಿಯಿದ್ದವು, ಬಾಯಿ ಅವೆಲ್ಲಕ್ಕಿಂತ ಗಟ್ಟಿಯಿತ್ತು. ಇಷ್ಟೆಲ್ಲ ಇದ್ದವಳನ್ನು ಒಂದು ಕಾಲಿನ ಲೆಕ್ಕ ಹಿಡಿದು ಮೂಲೆಗೆ ಕೂರಿಸುವ ಜನರ ಬುದ್ಧಿಗೆ ಏನು ಹೇಳುವುದು!

ಅವಳಿಗೆ ಕುಂದರು ಎಂದು ಒಮ್ಮೆಯೂ ಹೇಳದವಳು ತಾಯಿ ಖತೀಜಾಬಿ ಒಬ್ಬಳೇ. ಆಕೆ ಹೇಳುತ್ತಿದ್ದದ್ದು ಏಳು ಎಂದು. ಪ್ರತಿ ಶುಕ್ರವಾರ ಬೆಳಿಗ್ಗೆ ಕುಸುಬಿ ಎಣ್ಣೆ ಬಿಸಿ ಮಾಡಿ ಮಗಳ ಒಣ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದಳು. ತಿಕ್ಕಿ ಮುಗಿದ ಮೇಲೆ, "ಏಳು, ಇವತ್ತು ನಡಿ ನೋಡೂಣು" ಎನ್ನುತ್ತಿದ್ದಳು. ಕಾಲು ನಡೆಯಲಿಲ್ಲ. ಖತೀಜಾಬಿ ಬಿಡಲೂ ಇಲ್ಲ. ಮಗಳಿಗೆ ನಲವತ್ತು ದಾಟಿದರೂ ಶುಕ್ರವಾರದ ಎಣ್ಣೆ ತಪ್ಪುತ್ತಿರಲಿಲ್ಲ. ಆಕೆಗೆ ಕುಸುಬಿ ಎಣ್ಣೆಯ ಮೇಲೆ ಎಂಥ ನಂಬಿಕೆಯೆಂದರೆ, ಕಿರುಗುಟ್ಟುವ ಬಾಗಿಲಿಗೂ ಅದೇ, ಹೊಲಿಗೆ ಯಂತ್ರಕ್ಕೂ ಅದೇ, ಮಗನ ತೊಗಲಿನ ಚಪ್ಪಲಿಗೂ ಅದೇ. ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳದೆ ಉಳಿದದ್ದೆಂದರೆ ಬೆಕ್ಕು ಮಾತ್ರ, ಅದೂ ಓಡಿಹೋಗುತ್ತಿದ್ದುದರಿಂದ.

ಬಳೆ ತೊಡಿಸುವುದು ಆ ಮನೆತನದ ಕಸುಬು. ಅಪ್ಪ ಸೈಕಲ್ಲಿಗೆ ಮಲಾರ ಕಟ್ಟಿಕೊಂಡು, ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಗೊಂಚಲು ಕಟ್ಟಿಕೊಂಡು, ಹಳ್ಳಿ ತಿರುಗುತ್ತಿದ್ದ. ಅವನು ತೀರಿಕೊಂಡ ಮೇಲೆ ಮಲಾರ ಗೌಹರಳ ಕೈಗೆ ಬಂತು. ಶಿಗ್ಗಾವಿ, ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳೆಲ್ಲ ಅವಳ ಗಿರಾಕಿಗಳು. ಹಿರೇಬೆಂಡಿಗೇರಿಯ ಹೆಂಗಸರ ನಾಲಿಗೆಗೆ ಗೌಹರ ಎನ್ನುವುದು ಹೊರಳದೆ ಗೌರವ್ವ ಎಂದು ಕರೆದರು, ಅವಳೂ ಓ ಎಂದಳು.

ಅವಳ ಕೈಯಲ್ಲಿ ಬಳೆ ತೊಡಿಸಿಕೊಂಡವರು ಬೇರೆಯವರ ಮುಂದೆ ಕೈ ಚಾಚುತ್ತಿರಲಿಲ್ಲ. ಗಾಜಿನ ಬಳೆಯನ್ನು ಎಳೆದರೆ ಆಗದು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಮೆತ್ತಗೆ ಒತ್ತಿ, ಬಳೆಯನ್ನು ತುಸು ತಿರುವಿ, ತುಸು ಹಿಂದಕ್ಕೆ ಬಿಟ್ಟು, ಮತ್ತೆ ಮುಂದೆ ಸರಿಸಬೇಕು. ಬಸುರಿಯರ ಕೈ ಬಾತು ಬಳೆ ಬಿಗಿದಾಗಲೂ ಗೌಹರಳೇ ಬೇಕು. ಅದಕ್ಕೆಂದು ಅವಳ ಚೀಲದಲ್ಲಿ ಹಳೆಯ ಅಳತೆ ಟೇಪಿನಿಂದ ಕತ್ತರಿಸಿದ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತಿತ್ತು, ಅಂಚುಗಳನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು. ಅದನ್ನು ಬಳೆಗೂ ಚರ್ಮಕ್ಕೂ ನಡುವೆ ಜಾರಿಸಿ, ಪಟ್ಟಿಯ ಮೇಲೆಯೇ ಬಳೆ ಮುರಿದು ತೆಗೆಯುತ್ತಿದ್ದಳು. ಚರ್ಮಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ.

ಅಬಲೂರಿನ ಶಾರವ್ವನ ವಿಷಯ ಇಲ್ಲಿ ಹೇಳಲೇಬೇಕು. ಶಾರವ್ವ ಗಂಡ ಸತ್ತವಳು. ಒಂದು ದಿನ ಗೌಹರ ಕಟ್ಟೆಯ ಮೇಲೆ ಮಲಾರ ಹರಡಿ ಕುಳಿತಾಗ ಬಂದು, ಎಲ್ಲರ ಎದುರಿಗೇ ಬರಿಗೈ ಚಾಚಿ, "ನಂಗೂ ಹಾಕು" ಎಂದಳು. ಹಿರಿಯನೊಬ್ಬ, "ಇದು ನಮ್ಮೂರಾಗ ನಡಿಯೂದಿಲ್ಲ" ಎಂದು ಕೂಗಿದ. ಗೌಹರ ತಲೆ ಎತ್ತಲಿಲ್ಲ. ಶಾರವ್ವನ ಕೈ ಹಿಡಿದು ಅಳತೆ ನೋಡುತ್ತ, "ಆಕಿ ಕೈ ಐತಿ, ನನ್ನ ಬಳಿ ಅದಾವು. ನಡುವ ನಿಮ್ಮದೇನ್ರಿ?" ಎಂದಳು. ಹಸಿರು ಬಳೆ ತೊಡಿಸಿಯೇ ಎದ್ದಳು. ಅಂದಿನಿಂದ ಶಾರವ್ವನಿಗೂ, ಅವಳನ್ನು ನೋಡಿ ಧೈರ್ಯ ತಂದುಕೊಂಡ ಇನ್ನೂ ಕೆಲವರಿಗೂ ಬೇರೆ ಯಾವ ಬಳೆಗಾರನೂ ತೊಡಿಸಲು ಒಪ್ಪಲಿಲ್ಲ. ಅವರಿಗೆ ಗೌಹರಳೇ ಗತಿ.

ಇದೇ ಉಮೇದಿನಲ್ಲಿ ಮನೆಗೆ ಬಂದು ತಾಯಿಯ ಬರಿಗೈ ಹಿಡಿದಾಗ ಮಾತ್ರ ಅವಳ ಆಟ ನಡೆಯಲಿಲ್ಲ. ಖತೀಜಾಬಿ ಕೈ ಕಿತ್ತುಕೊಂಡು, "ನಿನ್ನ ಧೈರ್ಯ ಅಬಲೂರಾಗ ಇರ್ಲಿ. ನನ್ನ ಕೈಗೆ ಬರಬ್ಯಾಡ" ಎಂದಿದ್ದಳು. ಅವರ ಮನೆಯೊಳಗಿನ ಮಾತು ಉರ್ದು, ಸಂತೆಯ ಮಾತು ಕನ್ನಡ, ಸಿಟ್ಟು ಬಂದರೆ ಎರಡನ್ನೂ ಕಲಸುತ್ತಾರೆ. ಅಂದು ಖತೀಜಾಬಿ ಎರಡನ್ನೂ ಕಲಸಿದ್ದಳು. ಗೌಹರ ಮತ್ತೆ ಕೇಳಲಿಲ್ಲ.

ಬಳೆಗಳನ್ನು ಹೊತ್ತು ತಿರುಗಲು ಒಂದು ಹಳೆಯ ವ್ಯಾನು ಇತ್ತು. ಸರಕಾರಿ ಕಾಗದದಲ್ಲಿ ಅದು ಕಾರು, ಊರಿನ ಬಾಯಲ್ಲಿ ಬಳೆ ಗಾಡಿ. ಇಂಜಿನ್ನು ಮುಂದಿನ ಸೀಟಿನ ಕೆಳಗೆ; ಸೀಟು ಎತ್ತಿದರೆ ಅದರ ಹೊಟ್ಟೆಯೆಲ್ಲ ಕಾಣುತ್ತಿತ್ತು. ಗಾಡಿ ಇದ್ದದ್ದು ತಮ್ಮ ಇಮ್ರಾನನ ಹೆಸರಿನಲ್ಲಿ, ಹೊಡೆಯುತ್ತಿದ್ದವನೂ ಅವನೇ. ಆದರೆ ಗೇರು ಬದಲಿಸುತ್ತಿದ್ದವಳು ಪಕ್ಕದಲ್ಲಿ ಕುಳಿತ ಗೌಹರ. ಇದು ಆಟವಾಗಿ ಶುರುವಾಗಿ ರೂಢಿಯಾಗಿಬಿಟ್ಟಿತ್ತು: ಇಮ್ರಾನ ಕ್ಲಚ್ ತುಳಿಯುತ್ತಲೇ ಇವಳ ಕೈ ಗೇರಿನ ಮೇಲೆ. ಅವನು ಹೇಳಬೇಕಾಗಿರಲಿಲ್ಲ. ಇಂಜಿನ್ನಿನ ದನಿ ಕೇಳಿಯೇ ಅವಳಿಗೆ ತಿಳಿಯುತ್ತಿತ್ತು.

ಇಮ್ರಾನ ಕೆಟ್ಟವನಲ್ಲ. ಹಳ್ಳಿ ಹಳ್ಳಿ ತಿರುಗಿ, ಹೆಂಗಸರ ಚೌಕಾಸಿ ಮುಗಿಯುವವರೆಗೆ ಬೇವಿನ ನೆರಳಿನಲ್ಲಿ ಆಕಳಿಸಿ ಅವನಿಗೆ ಸಾಕಾಗಿತ್ತು. ಮೊಬೈಲ್ ರಿಪೇರಿ ಕಲಿತಿದ್ದ. ಒಂದು ದಿನ ಬಂದು ಹೇಳಿದ: "ಆಪಾ, ಬಸ್‌ಸ್ಟ್ಯಾಂಡಿನ ಎದುರಿಗೆ ಅಂಗಡಿ ಹಿಡದೇನಿ. ಅರ್ಧ ನನ್ನ ಮೊಬೈಲು, ಅರ್ಧ ನಿನ್ನ ಬಳಿ. ಗಿರಾಕಿ ತಾವ ಬರ್ತಾವು. ಗಾಡಿ ಗುಜರಿಗೆ ಹಾಕ್ತೇನಿ. ನೀ ಆರಾಮ ಕುಂದರು."

ಮತ್ತೆ ಅದೇ ಮಾತು! ಗೌಹರಳ ಮೈ ಉರಿಯಿತು.

"ಅಬಲೂರಿನ ಶಾರವ್ವ ನಿನ್ನ ಬಸ್‌ಸ್ಟ್ಯಾಂಡಿಗೆ ಬಂದು ಬಳಿ ಹಾಕ್ಕೊಂತಾಳೇನು?"

"ಬರದಿದ್ರ ಬಿಡ್ಲಿ. ಅವರ ಸಲುವಾಗಿ ನಾ ಮುದುಕಾಗೂತನಕ ಡ್ರೈವರ್ ಆಗಿರ್ಲೇನು?"

"ನೀ ಹೊಡೀಬ್ಯಾಡ. ನಾ ಹೊಡೀತೇನಿ."

ಇಮ್ರಾನ ನಕ್ಕುಬಿಟ್ಟ. "ಕ್ಲಚ್ ಯಾರು ತುಳೀತಾರು? ಜಿನ್ ಬಂದು ತುಳೀತೈತೇನು?"

"ಇಂಜಿನ್ನ ತುಳೀತೈತಿ" ಎಂದಳು ಗೌಹರ.

ಅವಳು ಬಾಯಿಗೆ ಬಂದದ್ದು ಹೇಳಿದ್ದಲ್ಲ. ಹಾನಗಲ್ಲಿನಲ್ಲಿ ಫಕ್ಕೀರೇಶ ಎಂಬ ವಿಮಾ ಏಜೆಂಟನಿದ್ದ, ಎಡಗಾಲು ಇಲ್ಲದವನು. ಅವನು ತನ್ನ ಕಾರು ತಾನೇ ಹೊಡೆಯುವುದನ್ನು ನೋಡಿ, ತಡೆದು ನಿಲ್ಲಿಸಿ, ಬಾಗಿಲು ತೆಗೆಸಿ, ಒಳಗೆಲ್ಲ ಕೈಯಾಡಿಸಿ ಕೇಳಿಕೊಂಡಿದ್ದಳು. ಇಂಜಿನ್ನು ನಡೆಯುವಾಗ ಗಾಳಿಯನ್ನು ಹೀರುತ್ತದೆ. ಆ ಹೀರುವ ಬಲವನ್ನು ಒಂದು ರಬ್ಬರ್ ಪೈಪು ಹಿಡಿದು ಬ್ರೇಕಿಗೆ ಒಯ್ಯುತ್ತದೆ. ಅದಕ್ಕೇ ಬ್ರೇಕು ಕಾಲಿಗೆ ಹಗುರ. ಅದೇ ಪೈಪಿಗೆ ಒಂದು ಕವಲು ಹಾಕಿ ಒಂದು ಡಬ್ಬಿಗೆ ಜೋಡಿಸಿದರೆ ಅದು ಕ್ಲಚ್ ಎಳೆಯುತ್ತದೆ. ಗೇರಿನ ತಲೆಯ ಮೇಲೆ ಒಂದು ಗುಂಡಿ, ಒತ್ತಿದರೆ ಮುಗಿಯಿತು. ಎಡಗಾಲಿನ ಕೆಲಸವೇ ಇಲ್ಲ. ಗೇರು ಬದಲಿಸುವ ಕೈ ಗೌಹರಳಿಗೆ ಆಗಲೇ ಇತ್ತು.

ಆಮೇಲೆ ಆ ಸಾಮಾನು ತರಿಸಿದ್ದು, ಸಾರಿಗೆ ಕಚೇರಿಗೆ ಅಲೆದು ಒಪ್ಪಿಗೆ ಪಡೆದದ್ದು, ಅಲ್ಲೂ ಪ್ರತಿ ಮೇಜಿನ ಮುಂದೆ ಕುಂದರು ಎನಿಸಿಕೊಂಡದ್ದು, ಇದನ್ನೆಲ್ಲ ಹೇಳುತ್ತ ಹೋದರೆ ನನಗೇ ಸಿಟ್ಟು ಬರುತ್ತದೆ. ಕೊನೆಗೆ ಇಮ್ರಾನ ಒಂದು ಷರತ್ತು ಹಾಕಿದ.

"ಒಂದ ಸಲ ನೋಡ್ತೇನಿ. ಗಾಡಿ ಹಳೇದು, ಸಾಮಾನು ಸಿಗೂದಿಲ್ಲ. ಇದನ್ನ ಹಾಕಾಕ ಹೋಗಿ ಇಂಜಿನ್ ಕೆಟ್ಟಿತಂದ್ರ ಸೀದಾ ಗುಜರಿಗೆ. ಆಮ್ಯಾಲ ನೀ ಅಂಗಡ್ಯಾಗ ಕುಂದರಬೇಕು. ಮಾತಿಲ್ಲ."

"ಒಪ್ಪಿದೆ" ಎಂದಳು ಗೌಹರ.

ಶಿಗ್ಗಾವಿಯ ಹೊರಗೆ ರಸ್ತೆಯ ಬದಿಗೆ ನಿಯಾಜನ ಗ್ಯಾರೇಜು. ಒಂದು ಬೆಳಿಗ್ಗೆ ಮೂವರೂ ಹೋದರು. ಖತೀಜಾಬಿ ನಾನೂ ಬರ್ತೇನಿ ಎಂದು ಹಟ ಹಿಡಿದು ಬಂದು, ಹಳೆಯ ಟಯರಿನ ಮೇಲೆ ಕುಳಿತಿದ್ದಳು. ನಿಯಾಜ ಸೀಟು ಎತ್ತಿ ಒಳಗೆ ಬಗ್ಗಿ ನೋಡಿದ.

"ಈ ಪೈಪೆಲ್ಲ ಒಣಗ್ಯಾವು ಆಪಾ. ಹಳೇದಕ್ಕ ಕವಲು ಹಾಕಿದ್ರ ಗಾಳಿ ಸೋರತೈತಿ. ಸೋರಿದ್ರ ಕ್ಲಚ್ಚೂ ಕೈ ಕೊಡತೈತಿ, ಬ್ರೇಕೂ ಕೈ ಕೊಡತೈತಿ. ಬುಡದಿಂದ ತಗದು ಹೊಸಾದು ಹಾಕಬೇಕು."

"ತಗೀ ಮತ್ತ" ಎಂದಳು ಗೌಹರ.

ತೆಗೆಯಲು ಬರಬೇಕಲ್ಲ! ನಿಯಾಜ ಒಂದೊಂದೇ ಪೈಪು ಹಿಡಿದು ತಿರುವಿದ. ಒಂದೂ ಅಲುಗಲಿಲ್ಲ. ಪ್ಲಾಸ್ಟಿಕ್ ಮೂತಿಗಳಿಗೆ ಪೈಪುಗಳು ಕಚ್ಚಿಕೊಂಡು ಒಂದೇ ಆಗಿಬಿಟ್ಟಿದ್ದವು. ಅವನು ಬೆವರು ಒರೆಸಿಕೊಂಡು, "ಯಾರರೆ ಗೋಂದು ಹಚ್ಯಾರೇನು ಇದಕ್ಕ?" ಎಂದ.

ಇಮ್ರಾನನಿಗೆ ತಾಳ್ಮೆ ಎಂಬುದು ತಾಯಿಯ ಹೊಟ್ಟೆಯಲ್ಲೇ ಉಳಿದುಹೋಗಿತ್ತು. "ಸರಿ, ನಾ ನೋಡ್ತೇನಿ" ಎಂದು ಪಕ್ಕಡ್ ತೆಗೆದುಕೊಂಡು ಒಂದು ಸಣ್ಣ ಪೈಪಿಗೆ ಕಚ್ಚಿಸಿ ಜಗ್ಗಿದ. ಟಕ್ ಎಂದಿತು. ಪೈಪಿನ ಜೊತೆಗೆ ಪ್ಲಾಸ್ಟಿಕ್ ಮೂತಿಯೂ ಮುರಿದು ಪಕ್ಕಡಿನ ಬಾಯಿಗೆ ಬಂದಿತ್ತು.

"ಜಗ್ಗಬ್ಯಾಡೋ!" ನಿಯಾಜ ಅವನ ಕೈ ಹಿಡಿದ. "ಇದು ಗಾಳಿ ಸೋಸೂ ಡಬ್ಬಿದು, ಹುಡುಕಿದ್ರ ಬ್ಯಾರೆ ಸಿಗತೈತಿ. ಆ ದಪ್ಪ ಪೈಪು ಐತಲ್ಲ, ಅದರ ಮೂತಿ ಇಂಜಿನ್ನಿಗೇ ಸೇರಿದ್ದು. ಅದು ಮುರೀತಂದ್ರ ಗಾಡಿ ಮುಗೀತು. ಹಿಂಗ ಜಗ್ಗಿ ನಾನ ಹಿಂದೊಮ್ಮೆ ಒಬ್ಬರ ಗಾಡಿ ಕೆಡಿಸೇನಿ. ನಾ ಅದನ್ನ ಮುಟ್ಟೂದಿಲ್ಲ, ಮಾಫ್ ಮಾಡ್ರಿ."

ಗೌಹರ ಊರುಗೋಲು ಬದಿಗಿಟ್ಟು ವ್ಯಾನಿನ ಬಾಗಿಲಲ್ಲಿ ಕುಳಿತು ಒಳಗೆ ಕೈ ಹಾಕಿದಳು. ದಪ್ಪ ಪೈಪಿನ ಬುಡದಲ್ಲಿ ಹಳದಿ ಬಣ್ಣದ ಏನೋ ಗಟ್ಟಿಯಾಗಿ ಸುತ್ತಿಕೊಂಡಿತ್ತು, ಅರಗು ಹಚ್ಚಿದಂತೆ. ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಪ್ರತಿ ಶುಕ್ರವಾರದ ವಾಸನೆ ಅದು.

ಅವಳು ತಿರುಗಿ ತಾಯಿಯ ಮುಖ ನೋಡಿದಳು. ಖತೀಜಾಬಿ ಸೆರಗಿನ ಅಂಚು ತಿರುವುತ್ತ ನೆಲ ನೋಡುತ್ತಿದ್ದಳು.

ನಡೆದದ್ದು ಇಷ್ಟೇ. ಒಂದು ಬೇಸಿಗೆಯಲ್ಲಿ ಇಮ್ರಾನ ಸೀಟು ಎತ್ತಿ ನೀರು ಹಾಕುವಾಗ ಖತೀಜಾಬಿ ಆ ಒಣಗಿದ ಪೈಪುಗಳನ್ನು ನೋಡಿದ್ದಳು. ಮನೆಗೆ ಅನ್ನ ಹಾಕುವ ಗಾಡಿಯ ನರಗಳು ಹೀಗೆ ಬಿರುಕು ಬಿಟ್ಟರೆ ಸುಮ್ಮನಿರುವವಳೇ ಆಕೆ? ಅಂದಿನಿಂದ ಶುಕ್ರವಾರ ಮಗಳ ಕಾಲಿಗೆ ಹಚ್ಚಿ ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ಯಾರಿಗೂ ಹೇಳದೆ ಗಾಡಿಗೂ ತಿಕ್ಕುತ್ತ ಬಂದಿದ್ದಳು. ಪೈಪುಗಳು ಮಿರಮಿರ ಮಿಂಚುತ್ತಿದ್ದವು. ಆದರೆ ಕುಸುಬಿ ಎಣ್ಣೆ ತೆಂಗಿನೆಣ್ಣೆಯ ಹಾಗಲ್ಲ. ಕಾವು ತಗುಲಿದರೆ ಒಣಗಿ ಅಂಟಾಗುತ್ತದೆ, ಮತ್ತೂ ಕಾವು ತಗುಲಿದರೆ ಗಾಜಿನಂತೆ ಬಿಗಿಯುತ್ತದೆ. ಅವರ ಮನೆಯ ಎಣ್ಣೆ ಡಬ್ಬಿಯ ಮುಚ್ಚಳವೇ ಪ್ರತಿ ಸಲ ಬಿಗಿದು ಕುಳಿತಿರುತ್ತಿತ್ತು. ಬಿಸಿ ಇಂಜಿನ್ನಿನ ಮೇಲೆ ವರ್ಷಗಟ್ಟಲೆ ಕುದಿದ ಎಣ್ಣೆ ಇನ್ನೇನು ಮಾಡೀತು?

ಇಮ್ರಾನನಿಗೂ ಅರ್ಥವಾಯಿತು. "ಅಮ್ಮೀ!" ಎಂದು ಕೂಗಿದ. "ಗಾಡಿಗೂ ಹಚ್ಚಿಯೇನು? ಆ ಎಣ್ಣಿಯಿಂದ ಇಲ್ಲೀತನಕ ಏನರೆ ನೆಟ್ಟಗಾಗೇತೇನು?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೂ ತಿಳಿಯಿತು, ಅದು ಎಲ್ಲಿ ಹೋಗಿ ನಾಟಿತೆಂದು. ಖತೀಜಾಬಿ ಮೆಲ್ಲಗೆ ಎದ್ದು ಬಂದು ಮಗಳ ಹೆಗಲು ಮುಟ್ಟಿದಳು.

"ಖರೇ ಹೇಳ್ತಾನ ಅಂವ. ನಾ ಎಣ್ಣಿ ಹಚ್ಚಿದ್ದು ಯಾವುದೂ ನೆಟ್ಟಗಾಗ್ಲಿಲ್ಲ. ನಿನ್ನ ಕಾಲೂ ಇಲ್ಲ, ಗಾಡಿನೂ ಇಲ್ಲ. ಬಿಡು ಮಗಳ. ಅಂಗಡ್ಯಾಗ ಕುಂದರು."

ಇಡೀ ಊರು ಹೇಳಿದಾಗ ಅವಳಿಗೆ ಸಿಟ್ಟು ಬಂದಿತ್ತು. ತಾಯಿ ಹೇಳಿದಾಗ ಅಳು ಬಂತು. ಆದರೆ ಅಳು ಕಣ್ಣಿಗೆ ಬರುವುದಕ್ಕೆ ಮೊದಲೇ ಸಿಟ್ಟು ಅದನ್ನು ಹಿಂದಕ್ಕೆ ಹಾಕಿತು.

"ನಿನ್ನ ಎಣ್ಣಿಯಿಂದ ನನ್ನ ಕಾಲು ಕೆಟ್ಟಿಲ್ಲ ಅಮ್ಮಿ. ಗಾಡಿನೂ ಕೆಡೂದಿಲ್ಲ. ಇನ್ನೊಮ್ಮೆ ಆ ಮಾತು ನಿನ್ನ ಬಾಯಾಗ ಬಂದ್ರ ನೋಡು!" ಎಂದು, ನಿಯಾಜನ ಕಡೆ ತಿರುಗಿದಳು. "ಚಾದಂಗಡ್ಯಾಗಿಂದ ಬಿಸಿನೀರು ತರಸು. ಸ್ವಲ್ಪ ಸೀಮೆಎಣ್ಣಿ ಕೊಡು, ಒಂದು ಬ್ಲೇಡ್ ಕೊಡು. ಇಮ್ರಾನ, ನೀ ಆ ಪಕ್ಕಡ್ ದೂರ ಇಟ್ಟು ಬಾ."

ಆ ವ್ಯಾನಿನ ಇಂಜಿನ್ನು ಹೇಗಿದೆಯೆಂದರೆ, ನಿಂತು ಬಗ್ಗಿದವನಿಗೆ ಸೊಂಟ ನೋಯುತ್ತದೆ, ಕೈ ಮುಟ್ಟುವುದಿಲ್ಲ. ನೆಲಕ್ಕೆ ಕುಳಿತವರಿಗೆ ಎಲ್ಲವೂ ಎದುರಿಗೇ. ಗೌಹರ ವ್ಯಾನಿನೊಳಗೆ ಸಾಮಾನು ಬದಿಗೆ ಸರಿಸಿ, ಒಣ ಕಾಲನ್ನು ಕೈಯಿಂದ ಎತ್ತಿ ಅನುಕೂಲಕ್ಕೆ ಇಟ್ಟುಕೊಂಡು, ಸರಿಯಾಗಿ ಕುಳಿತಳು. ಜೀವಮಾನವೆಲ್ಲ ಇವಳಿಗೆ ಕುಂದರು ಎಂದವರೆಲ್ಲ ಆಗ ಅಲ್ಲಿರಬೇಕಿತ್ತು.

ಮೊದಲು ಬಿಸಿನೀರಿನ ಬಟ್ಟೆಯನ್ನು ಪೈಪಿನ ಬುಡಕ್ಕೆ ಸುತ್ತಿ ಕಾದಳು. ನಂತರ ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಿಡಿದು, ಮುಂದಕ್ಕೆ ಎಳೆಯದೆ, ಹಿಂದಕ್ಕೆ ಒತ್ತಿ ತಿರುವಿದಳು. ಬಳೆಯಾಗಿದ್ದರೆ ಇಷ್ಟರಲ್ಲಿ ಸಡಿಲವಾಗಬೇಕಿತ್ತು. ಪೈಪು ಮಿಸುಕಲಿಲ್ಲ. ಮತ್ತೆ ಬಿಸಿಬಟ್ಟೆ, ಮತ್ತೆ ತಿರುವು. ಇಲ್ಲ. ಇಮ್ರಾನ ಗಡಿಯಾರ ನೋಡಿಕೊಂಡ. ಖತೀಜಾಬಿಯ ತುಟಿ ಸದ್ದಿಲ್ಲದೆ ಪ್ರಾರ್ಥನೆ ಹೇಳುತ್ತಿತ್ತು.

ಗೌಹರ ಪೈಪನ್ನು ಬಿಟ್ಟು ಸುಮ್ಮನೆ ನೋಡುತ್ತ ಕುಳಿತಳು. ಇದು ತೊಡಿಸುವ ಬಳೆಯಲ್ಲ, ಬಾತ ಕೈಯ ಬಳೆ ಎಂದು ಅವಳಿಗೆ ಆಗ ಹೊಳೆಯಿತು. ಬಾತ ಕೈಯ ಬಳೆಯನ್ನು ಯಾರೂ ಉಳಿಸಲು ಹೋಗುವುದಿಲ್ಲ, ಉಳಿಸಬೇಕಾದದ್ದು ಕೈಯನ್ನು. ಪೈಪು ಹೇಗೂ ಹೊಸದು ಬರುತ್ತದೆ, ಅದು ಹಾಳಾದರೆ ಯಾರಪ್ಪನ ಗಂಟು ಹೋಯಿತು? ಉಳಿಯಬೇಕಾದದ್ದು ಆ ಮೂತಿ.

ಅವಳು ಚೀಲದಿಂದ ತಗಡಿನ ಪಟ್ಟಿ ತೆಗೆದಳು. ಪೈಪಿನ ಬಾಯಿಯ ಅಂಚಿಗೆ ಸೀಮೆಎಣ್ಣೆಯ ಹನಿ ಬಿಟ್ಟು, ಹಳದಿ ಅಂಟು ಮೆತ್ತಗಾಗುವವರೆಗೆ ಕಾದು, ಪಟ್ಟಿಯ ತುದಿಯನ್ನು ರಬ್ಬರಿಗೂ ಮೂತಿಗೂ ನಡುವೆ ಇಟ್ಟು ಅಲುಗಾಡಿಸಿದಳು. ಕೂದಲೆಳೆಯಷ್ಟು ಒಳಗೆ ಹೋಯಿತು. ಮತ್ತೊಂದು ಹನಿ, ಮತ್ತಷ್ಟು ಒಳಗೆ. ಹೋಗುತ್ತ ಹೋಗುತ್ತ ಪಟ್ಟಿ ಒಂದು ಕಡೆ ತಡೆಯಿತು. ಮೂತಿಯ ಮೇಲೆ ಪೈಪು ಜಾರದಿರಲೆಂದು ಒಂದು ಏಣು ಇರುತ್ತದೆ, ಅದಕ್ಕೆ ತಾಗಿತ್ತು.

"ಈಗ ಸಡ್ಲಾಗೇತಿ ಆಪಾ, ಜಗ್ಗಿಬಿಡು" ಎಂದ ಇಮ್ರಾನ.

"ಬಸುರಿ ಕೈ ಹಿಡದು ಯಾರರೆ ಜಗ್ತಾರೇನೋ? ಸುಮ್ನಿರು."

ಪಟ್ಟಿಯನ್ನು ಹೊರಗೆಳೆದು, ತುದಿಯನ್ನು ಬೆರಳಿನಿಂದ ತುಸು ಬಾಗಿಸಿ, ಮತ್ತೆ ಒಳಬಿಟ್ಟಳು. ಗೆಣ್ಣು ದಾಟಿಸುವಾಗ ಮಾಡುವ ಹಾಗೆ ಒತ್ತಿ, ಓರೆ ಮಾಡಿ, ಏಣಿನ ಮೇಲೆ ಹತ್ತಿಸಿ ಆಚೆ ಇಳಿಸಿದಳು. ಪಟ್ಟಿ ಬುಡ ಮುಟ್ಟಿತು. ಈಗ ಬ್ಲೇಡಿನಿಂದ ಪಟ್ಟಿಯ ಮೇಲೆಯೇ ರಬ್ಬರನ್ನು ಉದ್ದಕ್ಕೆ ಸೀಳಿದಳು. ಬ್ಲೇಡು ತಗಡಿಗೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು; ಖತೀಜಾಬಿ ಮುಖ ಅತ್ತ ತಿರುಗಿಸಿದ್ದಳು. ಸೀಳಿದ ಪೈಪನ್ನು ಗೌಹರ ಎರಡೂ ಹೆಬ್ಬೆರಳುಗಳಿಂದ ಅಗಲಿಸಿ, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹೊರತೆಗೆದಳು.

ಮೂತಿ ಇದ್ದಂತೆಯೇ ಇತ್ತು. ನಿಯಾಜ ಬ್ಯಾಟರಿ ಬೆಳಕು ಬಿಟ್ಟು ಸುತ್ತ ನೋಡಿದ, ಬೆರಳಾಡಿಸಿ ನೋಡಿದ. "ಒಂದ ಗೀರಿಲ್ಲ" ಎಂದ. ಆಮೇಲೆ, "ಆಪಾ, ಉಳಿದ ಪೈಪೂ ನೀವ ತಗೀರಿ. ನಾ ಬ್ಲೇಡ್ ಕೊಡ್ತೇನಿ" ಎಂದು ನಕ್ಕ.

ಗೌಹರ ಸುಲಿದ ಪೈಪನ್ನು ತಮ್ಮನ ಕೈಯಲ್ಲಿಟ್ಟಳು. "ಇಂಜಿನ್ ಕೆಟ್ಟಿತೇನು?"

ಇಮ್ರಾನ ಪೈಪನ್ನು ಹಿಂದೆ ಮುಂದೆ ತಿರುಗಿಸಿದ. ಸೋತರೂ ಸುಮ್ಮನಿರುವ ಜಾತಿಯಲ್ಲ ಅವನದು. "ಕ್ಲಚ್ ಗುಂಡಿ ಸಾವಕಾಶ ಒತ್ತಬೇಕು ಮತ್ತ" ಎಂದು ಗೊಣಗಿ, ಬಿಸಿನೀರಿನ ಪಾತ್ರೆ ವಾಪಸು ಕೊಡಲು ಚಾದಂಗಡಿಗೆ ಹೋದ.

ಹೊಸ ಪೈಪು ಬಿತ್ತು, ಕವಲು ಬಿತ್ತು, ಡಬ್ಬಿ ಕುಳಿತಿತು. ಗುಂಡಿ ಒತ್ತಿದಾಗ ಕ್ಲಚ್ ಪೆಡಲು ಯಾರೂ ತುಳಿಯದೆ ತಾನೇ ಕೆಳಗಿಳಿದದ್ದನ್ನು ನೋಡಿ ಖತೀಜಾಬಿ "ಯಾ ಅಲ್ಲಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಮುಂದೆ ಕೆಲವು ತಿಂಗಳು ಸವಣೂರಿನ ಬಯಲಿನಲ್ಲಿ ಕಲಿಯುವವರ ಕೆಂಪು ಅಕ್ಷರದ ಹಲಗೆ ಹಚ್ಚಿಕೊಂಡ ಬಳೆ ಗಾಡಿ ಸುತ್ತು ಹಾಕಿತು. ಕ್ರಿಕೆಟ್ ಆಡುವವರು ಬೈದರು, ಇವಳೂ ಬೈದಳು. ಪರೀಕ್ಷೆಯ ದಿನ ಅಧಿಕಾರಿ ಪಕ್ಕದಲ್ಲಿ ಕುಳಿತ; ಅವನು ನಿಲ್ಲಿಸಿ ಎಂದಲ್ಲಿ ನಿಲ್ಲಿಸಿದಳು, ನಡೆಯಿರಿ ಎಂದಲ್ಲಿ ನಡೆಸಿದಳು. ಲೈಸೆನ್ಸು ಬಂತು.

ಮೊದಲ ಸಲ ತಾನೇ ಹೊಡೆದುಕೊಂಡು ಹಳ್ಳಿಗೆ ಹೊರಡುವ ದಿನ ಶುಕ್ರವಾರವೇ ಬಂತು. ಬಳೆಯ ಡಬ್ಬಿಗಳನ್ನು ಹಿಂದೆ ಹೊಂದಿಸಿ ಆಗಿತ್ತು. ಖತೀಜಾಬಿ ಎಂದಿನಂತೆ ಎಣ್ಣೆ ಬಿಸಿ ಮಾಡಿ, ಅಂಗೈಗೆ ಹಚ್ಚಿಕೊಂಡು ಹೊರಬಂದವಳು, ಮಗಳು ಆಗಲೇ ಸ್ಟೇರಿಂಗಿನ ಮುಂದೆ ಕುಳಿತದ್ದನ್ನು ನೋಡಿ ನಿಂತಳು.

"ಅಮ್ಮಿ, ಕಾಲಿಗೆ ಸಾಕು" ಎಂದಳು ಗೌಹರ. "ಇಷ್ಟು ವರ್ಷ ಹಚ್ಚಿದಿ, ನಂಗ ಬಾಳ ಹಿತ ಇತ್ತು. ಆದ್ರ ಅದು ಇನ್ನ ನಡೀಬೇಕಾಗಿಲ್ಲ."

ಖತೀಜಾಬಿ ಎಣ್ಣೆಯ ಕೈಗಳನ್ನು ಹಾಗೇ ಹಿಡಿದು ನಿಂತಳು, ಎಲ್ಲಿ ಒರೆಸಬೇಕೆಂದು ತಿಳಿಯದವಳಂತೆ.

ಆಗ ಇಮ್ರಾನ ಬಾಗಿಲಿಗೆ ಬಂದ. ಹೊಸ ತಕರಾರು ಹುಡುಕಿ ತಂದಿದ್ದ. "ಒಬ್ಬಾಕೀನ ಹೋಗೂದು ಬ್ಯಾಡ ಆಪಾ. ದಾರ್ಯಾಗ ಗಾಡಿ ನಿಂತ್ರ ಯಾರು ತಳ್ಳವರು? ಇವತ್ತು ಬ್ಯಾಡ, ಕುಂದರು. ಯಾರನ್ನರೆ ನೋಡೂಣು."

"ನಾ ತಳ್ತೇನಿ" ಎಂದಳು ಖತೀಜಾಬಿ.

ಇಮ್ರಾನ ತಾಯಿಯ ಮೊಣಕಾಲು ನೋಡಿದ, ಮುಖ ನೋಡಿದ. ಮುಖದಲ್ಲಿ ನಗುವಿರಲಿಲ್ಲ. ಖತೀಜಾಬಿ ವ್ಯಾನಿನ ಆ ಕಡೆಗೆ ನಡೆದು, ಬಾಗಿಲು ತೆಗೆದು, ಇಷ್ಟು ದಿನ ಗೌಹರ ಕುಳಿತಿದ್ದ ಸೀಟಿನಲ್ಲಿ ಕುಳಿತಳು. ಆಮೇಲೆ ಎರಡೂ ಕೈಗಳನ್ನು ಮಗಳ ಮುಂದೆ ಚಾಚಿದಳು.

"ಬಳಿ ಗಾಡ್ಯಾಗ ಮುಂದ ಕುಂತಾಕಿ ಕೈ ಬರೀ ಇದ್ರ ಯಾವ ಗಿರಾಕಿ ಬರ್ತಾವು? ಹಾಕು."

ತಡ ಮಾಡಿದರೆ ತಾಯಿ ಮನಸ್ಸು ಬದಲಿಸಿಯಾಳೆಂಬ ಹೆದರಿಕೆ ಗೌಹರಳಿಗೆ. ಹಿಂದೆ ಬಾಗಿ ಕೈಗೆ ಸಿಕ್ಕ ಡಬ್ಬಿ ತೆಗೆದಳು. ಹಸಿರು ಬಳೆ. ತಾಯಿಯ ಕೈ ಮುದಿಯಾಗಿ ಗೆಣ್ಣು ದಪ್ಪವಾಗಿದ್ದವು. ಆದರೂ ಒತ್ತುವುದಾಗಲಿ ತಿರುವುವುದಾಗಲಿ ಬೇಕಾಗಲಿಲ್ಲ. ಎಣ್ಣೆಯ ಕೈ. ಬಳೆಗಳು ಒಂದರ ಹಿಂದೆ ಒಂದು ಸಲೀಸಾಗಿ ಇಳಿದವು.

ಇಮ್ರಾನ ಬಾಗಿಲಲ್ಲಿ ನಿಂತೇ ಇದ್ದ. ಗೌಹರ ಗುಂಡಿ ಒತ್ತಿ ಗೇರು ಹಾಕಿದಳು.

ಹಂಸಭಾವಿಯಲ್ಲಿ ಚಹಾ ಕುಡಿದು ಅಬಲೂರು ಮುಟ್ಟಿದಾಗ ಬಿಸಿಲು ಏರಿತ್ತು. ಗಾಡಿಯ ಸದ್ದಿಗೆ ಹೆಂಗಸರು ಹೊರಬಂದರು. ಶಾರವ್ವ ಎಲ್ಲರಿಗಿಂತ ಮುಂದೆ ಬಂದು ಕಿಟಕಿಯಲ್ಲಿ ಬಗ್ಗಿದವಳು, ಖತೀಜಾಬಿಯ ಕೈಗಳನ್ನು ನೋಡಿ ಅಲ್ಲೇ ನಿಂತಳು.

"ಯವ್ವಾ, ನಿಮಗ ಯಾರು ಹಾಕಿದ್ರು?"

"ನನ್ನ ಮಗಳು" ಎಂದಳು ಖತೀಜಾಬಿ. "ಬಳಿ ಹಾಕಿ, ಗಾಡಿನೂ ತಾನ ಹೊಡಕೊಂಡು ಬಂದಾಳ."